ಶಾಕ್ ಅಬ್ಸಾರ್ಬರ್ ಬಿಚ್ಚುವ ಮುನ್ನ

ಮಳೆಗಾಲ ಮುಗಿದು ಗೋವಿನಜೋಳದ ತೆನೆ ಕಣಕ್ಕೆ ಬರುವ ಹೊತ್ತಿಗೆ ಹಾವೇರಿ ಜಿಲ್ಲೆಯ ಹಳ್ಳಿ ರಸ್ತೆಗಳು ಹೇಗಿರುತ್ತವೆಂಬುದನ್ನು ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಡಾಂಬರು ಕಿತ್ತುಹೋದಲ್ಲಿ ಗುಂಡಿ, ಗುಂಡಿಗೆ ಹಾಕಿದ ಗರಸು ಕೊಚ್ಚಿಹೋದಲ್ಲಿ ಕಲ್ಲು, ಎರೆಮಣ್ಣಿನಲ್ಲಿ ಒಣಗಿ ಗಟ್ಟಿಯಾಗಿ ನಿಂತ ಗಾಲಿಯ ಜಾಡು. ಬೇಸಿಗೆಯಲ್ಲಿ ಹಾನಗಲ್ಲಿನ ಮಾವು, ವರ್ಷವಿಡೀ ಸವಣೂರಿನ ವೀಳ್ಯದೆಲೆ, ಸುಗ್ಗಿಯಲ್ಲಿ ಶಿಗ್ಗಾಂವಿ ಮತ್ತು ಹಿರೇಕೆರೂರು ಕಡೆಯ ಹತ್ತಿ, ಗೋವಿನಜೋಳ, ಎಲ್ಲವೂ ಪೇಟೆ ಸೇರುವುದು ಇಂಥ ರಸ್ತೆ ದಾಟಿಯೇ. ಶಿಗ್ಗಾಂವಿ ತಾಲೂಕಿನಲ್ಲಿ ಹಾಯ್ದು ಹೋಗುವ ಹೆದ್ದಾರಿ ಎಷ್ಟೇ ಚೆನ್ನಾಗಿರಲಿ, ಹೊಲದಿಂದ ಹೆದ್ದಾರಿಯವರೆಗಿನ ದಾರಿಯೇ ಗಾಡಿಯ ಆಯುಷ್ಯವನ್ನು ತಿನ್ನುತ್ತದೆ.

ಹಿಂದೆ ಚಕ್ಕಡಿ ಹೂಡಿ ಹೋಗುತ್ತಿದ್ದ ಮನೆಗಳಲ್ಲಿ ಈಗ ಹಳೆಯ ಜೀಪೋ, ವ್ಯಾನೋ, ಸಣ್ಣ ಸರಕು ಗಾಡಿಯೋ ನಿಂತಿದೆ. ಚಕ್ಕಡಿಯ ಕೀಲು ಮುರಿದರೆ ಊರ ಬಡಿಗ, ಕಮ್ಮಾರ ಇದ್ದರು. ಈ ಗಾಡಿಯ ದುರಸ್ತಿಗೆ ಮಾತ್ರ ತಾಲೂಕು ಊರಿನ ಗ್ಯಾರೇಜಿಗೆ ಹೋಗಬೇಕು. ಸುಗ್ಗಿಯ ದಿನಗಳಲ್ಲಿ ಅಲ್ಲಿ ಸರದಿ. ಹೀಗಾಗಿ ಸಣ್ಣಪುಟ್ಟ ಕೆಲಸವನ್ನು ಮನೆಯ ಮುಂದೆಯೇ ಮಾಡಿಕೊಳ್ಳುವ ರೂಢಿ ಹುಡುಗರಲ್ಲಿ ಬೆಳೆದಿದೆ. ಇದು ಒಳ್ಳೆಯ ರೂಢಿಯೇ. ಆದರೆ ಯಾವ ಕೆಲಸ ಮನೆಯದು, ಯಾವುದು ಗ್ಯಾರೇಜಿನದು ಎಂಬ ಗೆರೆ ತಿಳಿದಿರಬೇಕು. ಶಾಕ್ ಅಬ್ಸಾರ್ಬರ್, ಅಂದರೆ ನಮ್ಮ ಕಡೆಯ ಬಾಯಲ್ಲಿ ‘ಶಾಕಪ್’, ಈ ಗೆರೆಯ ಎರಡೂ ಬದಿಗೆ ಸೇರಿದ ವಸ್ತು. ಅದನ್ನು ಬಿಚ್ಚುವ ಬಗೆಯನ್ನೂ, ಬಿಚ್ಚಬಾರದ ಕಡೆ ಕೈ ತಡೆಯುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ.

ಅದು ಮಾಡುವ ಕೆಲಸವೇನು?

ವಾಚನಾಲಯದ ಕಟ್ಟೆಯ ಮೇಲೆ ಇಂಥ ಮಾತು ಆಗಾಗ ಕಿವಿಗೆ ಬೀಳುತ್ತದೆ.

“ಕಾಕಾ, ಹಿಂದಿನ ಶಾಕಪ್ ಎಣ್ಣಿ ಕಾರಾಕ್ಹತ್ತೈತ್ರಿ. ತಗದ ಒಗದ ಹಂಗ ಹೊಡದ್ರ ಏನಾಕ್ಕೈತಿ? ಭಾರ ಹೊರೂದು ಪಾಟಾ ಅಲ್ಲೇನ್ರಿ?”

“ಭಾರ ಹೊರೂದು ಪಾಟಾನ ತಮ್ಮಾ. ಆದ್ರ ಪಾಟಾ ಕುಣ್ಯಾಕ ಹತ್ತಿದ್ರ ಅದನ್ನ ಹಿಡದ ನಿಂದರ್ಸಾವ್ರು ಯಾರು?”

ಹಿರಿಯರ ಮಾತಿನಲ್ಲಿ ಇಡೀ ವಿಷಯ ಅಡಗಿದೆ. ಗಾಡಿಯ ಭಾರ ಹೊರುವುದು ಸ್ಪ್ರಿಂಗು. ಅದು ಒಂದರ ಮೇಲೊಂದು ಹೊಂದಿಸಿದ ಉಕ್ಕಿನ ಕಮಾನು ಪಾಟಾ ಇರಬಹುದು, ಇಲ್ಲವೆ ಸುರುಳಿ ಸ್ಪ್ರಿಂಗು ಇರಬಹುದು. ಗಾಲಿ ಗುಂಡಿಗೆ ಇಳಿದಾಗ ಸ್ಪ್ರಿಂಗು ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಹಿಗ್ಗಿ ಸುಮ್ಮನಾಗುವುದಿಲ್ಲ. ಪಂಚಮಿಯ ಜೋಕಾಲಿ ನೆನೆಸಿಕೊಳ್ಳಿ. ಒಮ್ಮೆ ಜೀಕಿ ಬಿಟ್ಟರೆ ಅದು ತಾನಾಗಿಯೇ ಎಷ್ಟೋ ಸಲ ಹಿಂದೆ ಮುಂದೆ ಆಡುತ್ತದೆ. ಯಾರಾದರೂ ಹಗ್ಗ ಹಿಡಿದರೆ ಮಾತ್ರ ಬೇಗ ನಿಲ್ಲುತ್ತದೆ. ಸ್ಪ್ರಿಂಗು ಜೋಕಾಲಿಯಾದರೆ ಶಾಕ್ ಅಬ್ಸಾರ್ಬರ್ ಹಗ್ಗ ಹಿಡಿಯುವ ಕೈ.

ಆ ಕೈಗೆ ಬಲ ಎಲ್ಲಿಂದ ಬಂತು? ಬೆನ್ನಿಗೆ ಕಟ್ಟಿಕೊಂಡು ಔಷಧ ಹೊಡೆಯುವ ಪಂಪನ್ನು ಎಲ್ಲರೂ ಬಲ್ಲರು. ದೊಡ್ಡ ಡಬ್ಬಿಯ ನೀರು ಸಣ್ಣ ತೂತಿನಿಂದ ಹೊರಗೆ ಹೋಗಬೇಕಾದ್ದರಿಂದ ಹಿಡಿಕೆ ಒತ್ತುವಾಗ ಬಿಗಿ ಹತ್ತುತ್ತದೆ. ಶಾಕ್ ಅಬ್ಸಾರ್ಬರಿನ ಕೊಳವೆಯಲ್ಲಿಯೂ ಎಣ್ಣೆ ತುಂಬಿದೆ. ಒಳಗಿನ ಪಿಸ್ಟನ್ನಿಗೆ ಸಣ್ಣ ತೂತುಗಳಿವೆ. ಗಾಲಿ ಮೇಲೆ ಕೆಳಗೆ ಆಡಿದಂತೆ ಪಿಸ್ಟನ್ ಆ ಎಣ್ಣೆಯನ್ನು ತೂತಿನಲ್ಲಿ ಹಾಯಿಸುತ್ತದೆ. ಕುಣಿತದ ಶಕ್ತಿ ಶಾಖವಾಗಿ ಮಾರ್ಪಟ್ಟು ಹೊರಗೆ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿ ಬಂದ ಗಾಡಿಯ ಶಾಕ್ ಅಬ್ಸಾರ್ಬರ್ ಬೆಚ್ಚಗಿರುವುದು ಇದರಿಂದಲೇ.

ಅದು ಕೆಲಸ ಬಿಟ್ಟರೆ ಕೇಡು ಬರೀ ಮೈಕೈ ನೋವಿನದಲ್ಲ. ಕುಣಿಯುವ ಗಾಲಿ ನೆಲ ಬಿಟ್ಟು ಏಳುತ್ತದೆ. ನೆಲ ಬಿಟ್ಟ ಗಾಲಿಗೆ ಬ್ರೇಕು ಹತ್ತಿಯೂ ಪ್ರಯೋಜನವಿಲ್ಲ, ಸ್ಟಿಯರಿಂಗ್ ತಿರುವಿದರೂ ಗಾಡಿ ತಿರುಗುವುದಿಲ್ಲ. ಹಿಂದೆ ಹೇರಿದ ಮಾಲು ಗಾಡಿಯನ್ನು ಅತ್ತಿತ್ತ ಎಳೆಯುತ್ತದೆ. ಟೈರು ಗುಳಿ ಗುಳಿಯಾಗಿ ಸವೆಯುತ್ತದೆ. ಮಾವಿನ ಪೆಟ್ಟಿಗೆ, ಎಲೆಯ ಪೆಂಡಿ ತಲುಪುವ ಹೊತ್ತಿಗೆ ಜಜ್ಜಿಹೋಗಿರುತ್ತವೆ. ಆದ್ದರಿಂದ ತೆಗೆದು ಒಗೆದು ಹಾಗೆಯೇ ಓಡಿಸುವ ವಿಚಾರವನ್ನು ಮೊದಲು ಬಿಡಬೇಕು. ಚಕ್ಕಡಿಗೆ ಶಾಕ್ ಅಬ್ಸಾರ್ಬರ್ ಇರಲಿಲ್ಲವಲ್ಲ ಎಂದು ಕೆಲವರು ಕೇಳುವುದುಂಟು. ಚಕ್ಕಡಿಗೆ ಸ್ಪ್ರಿಂಗೂ ಇರಲಿಲ್ಲ, ಅದರ ವೇಗ ಎತ್ತಿನ ನಡಿಗೆಯಷ್ಟೇ ಇತ್ತು.

ಕೆಟ್ಟಿದೆಯೆಂದು ಗೊತ್ತು ಮಾಡುವುದು

ಕುಲುಕಾಟಕ್ಕೆಲ್ಲ ಶಾಕ್ ಅಬ್ಸಾರ್ಬರ್ ಕಾರಣವಲ್ಲ. ಟೈರಿಗೆ ಗಾಳಿ ಹೆಚ್ಚಾದರೂ ಗಾಡಿ ಪುಟಿಯುತ್ತದೆ. ಪಾಟಾದ ಒಂದು ಎಲೆ ಮುರಿದಿರಬಹುದು, ಪಾಟಾವನ್ನು ಅಚ್ಚಿಗೆ ಬಿಗಿದ ಯು ಬೋಲ್ಟ್ ಸಡಿಲಾಗಿರಬಹುದು, ತುದಿಯ ಬುಷ್ ಸವೆದಿರಬಹುದು. ಬಿಚ್ಚುವ ಮೊದಲು ಈ ಪರೀಕ್ಷೆಗಳನ್ನು ಮಾಡಿಕೊಳ್ಳಿ.

ಒಂದು: ಗಾಡಿಯ ಒಂದು ಮೂಲೆಯನ್ನು ಎರಡೂ ಕೈಯಿಂದ ಬಲವಾಗಿ ಒತ್ತಿ ಬಿಡಿ. ಮೇಲೆದ್ದು, ಸ್ವಲ್ಪ ಇಳಿದು ನಿಂತರೆ ಸರಿ. ಎರಡು ಮೂರು ಸಲ ಏರಿಳಿದರೆ ಆ ಮೂಲೆಯ ಶಾಕ್ ಅಬ್ಸಾರ್ಬರ್ ಸೋತಿದೆ. ಭಾರಿ ಪಾಟಾದ ಸರಕು ಗಾಡಿ ಕೈಗೆ ಬಗ್ಗುವುದಿಲ್ಲ, ಅದಕ್ಕೆ ಮುಂದಿನ ಪರೀಕ್ಷೆಗಳೇ ಗತಿ.

ಎರಡು: ಕೊಳವೆಯ ಮೈ ನೋಡಿ. ತೆಳ್ಳಗೆ ಧೂಳು ಅಂಟಿದ ಪಸೆ ಇದ್ದರೆ ಗಾಬರಿ ಬೇಡ. ಎಣ್ಣೆ ಹರಿದು ಕೆಳಗಿನವರೆಗೆ ಒದ್ದೆಯಾಗಿದ್ದರೆ ಒಳಗಿನ ಸೀಲು ಹೋಗಿದೆ.

ಮೂರು: ಕೆಟ್ಟ ರಸ್ತೆಯಲ್ಲಿ ಕೆಲವು ಮೈಲು ಓಡಿಸಿ ಬಂದ ಕೂಡಲೇ ಎಡ ಬಲದ ಕೊಳವೆಗಳ ಬಳಿ ಹಗುರಾಗಿ ಕೈ ತನ್ನಿ. ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ, ತಣ್ಣಗಿರುವುದು ದುಡಿಯುತ್ತಿಲ್ಲ. ಸೈಲೆನ್ಸರ್ ಕೊಳವೆ ಹತ್ತಿರವಿದ್ದರೆ ಸುಡುತ್ತದೆ, ಎಚ್ಚರ.

ನಾಲ್ಕು: ಎರಡೂ ತುದಿಯ ರಬ್ಬರ್ ಬುಷ್ ನೋಡಿ. ಗುಂಡಿಗೆ ಇಳಿದಾಗ ‘ಟಕ್ ಟಕ್’ ಸದ್ದು ಬರುವುದು ಎಷ್ಟೋ ಸಲ ಬುಷ್ ಹರಿದಿದ್ದರಿಂದ. ಆಗ ಶಾಕ್ ಅಬ್ಸಾರ್ಬರನ್ನೇ ಬದಲಾಯಿಸಬೇಕಿಲ್ಲ, ಬುಷ್ ಹಾಕಿದರೆ ಸಾಕು.

ಎರಡು ಜಾತಿ, ಎರಡು ಹಣೆಬರಹ

ಈಗ ಮುಖ್ಯ ಮಾತು. ಶಾಕ್ ಅಬ್ಸಾರ್ಬರ್ ಗಾಡಿಗೆ ಕೂಡಿಸುವಲ್ಲಿ ಎರಡು ಪದ್ಧತಿಗಳಿವೆ.

ಮೊದಲನೆಯದು, ಸ್ಪ್ರಿಂಗು ಬೇರೆ, ಶಾಕ್ ಅಬ್ಸಾರ್ಬರ್ ಬೇರೆ ಇರುವ ಪದ್ಧತಿ. ಮಹೀಂದ್ರಾದವರು ವಿಲ್ಲಿಸ್ ಜೀಪು ಜೋಡಿಸತೊಡಗಿದಂದಿನಿಂದ ನಮ್ಮ ಹಳ್ಳಿಗಳು ಕಂಡ ಹಳೆಯ ಜೀಪುಗಳಲ್ಲಿ ನಾಲ್ಕೂ ಗಾಲಿಗೆ ಪಾಟಾ, ಪಾಟಾದ ಪಕ್ಕದಲ್ಲಿ ಬೇರೆಯಾಗಿ ನಿಂತ ಶಾಕ್ ಅಬ್ಸಾರ್ಬರ್. ಮೇಲಿನ ತುದಿ ಚಾಸಿಗೆ, ಕೆಳಗಿನ ತುದಿ ಅಚ್ಚಿಗೆ. ಇದನ್ನು ತೆಗೆದರೂ ಪಾಟಾ ಗಾಡಿಯನ್ನು ಹೊತ್ತುಕೊಂಡೇ ಇರುತ್ತದೆ. ಎಚ್ಚರದಿಂದ ಮಾಡಿದರೆ ಇದು ಮನೆಯ ಕೆಲಸ.

ಎರಡನೆಯದು, ಸುರುಳಿ ಸ್ಪ್ರಿಂಗಿನ ಹೊಟ್ಟೆಯೊಳಗೇ ಶಾಕ್ ಅಬ್ಸಾರ್ಬರ್ ಕೂತಿರುವ ಪದ್ಧತಿ. ಇದಕ್ಕೆ ಸ್ಟ್ರಟ್ ಎನ್ನುತ್ತಾರೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವ್ಯವಸ್ಥೆ 1950ರ ಸುಮಾರಿಗೆ ಇಂಗ್ಲೆಂಡಿನ ಫೋರ್ಡ್ ಕಾರುಗಳಲ್ಲಿ ಬಂತು. ಇಂದು ಸಣ್ಣ ಕಾರುಗಳಲ್ಲಿ ಬಹುತೇಕ ಮುಂದಿನ ಗಾಲಿಗಳಿಗೆ ಇದೇ ಇದೆ. ಇಲ್ಲಿ ಸ್ಪ್ರಿಂಗನ್ನು ಅದುಮಿ ಕೂಡಿಸಿ, ಮೇಲೆ ಒಂದು ನಡು ನಟ್ಟಿನಿಂದ ಬಂಧಿಸಿರುತ್ತಾರೆ. ಕ್ವಿಂಟಾಲುಗಟ್ಟಲೆ ಭಾರ ಹೊರುವ ಆ ಸ್ಪ್ರಿಂಗು ಗಾಡಿಯನ್ನು ಎತ್ತಿ ನಿಲ್ಲಿಸಿದಾಗಲೂ ಪೂರ್ತಿ ಹಿಗ್ಗಿರುವುದಿಲ್ಲ. ನಡು ನಟ್ಟು ಬಿಚ್ಚಿದರೆ ಮೇಲಿನ ತಟ್ಟೆ, ಸ್ಪ್ರಿಂಗು ಎರಡೂ ಗುಂಡು ಹಾರಿದಂತೆ ಹಾರುತ್ತವೆ. ಎದುರಿಗೆ ಮುಖವಿರಲಿ, ಎದೆಯಿರಲಿ, ಅದಕ್ಕೆ ಲೆಕ್ಕವಿಲ್ಲ. ಹಗ್ಗ, ತಂತಿ, ಸರಪಳಿ ಸುತ್ತಿ ಸ್ಪ್ರಿಂಗು ಹಿಡಿಯಲು ಹೋಗುವುದು ಸಾವಿನೊಡನೆ ಸರಸ. ಅದನ್ನು ಅದುಮಿ ಹಿಡಿಯುವ ಬೇರೆ ಉಪಕರಣವೇ ಇದೆ, ಅದನ್ನು ಬಳಸಿ ಬಲ್ಲ ಮೇಸ್ತ್ರಿಗಳೂ ಇದ್ದಾರೆ.

ಇನ್ನೊಂದು ಕಾರಣವೂ ಉಂಟು. ಸ್ಟ್ರಟ್ ಬರೀ ಕುಣಿತ ತಡೆಯುವುದಿಲ್ಲ, ಗಾಲಿಯನ್ನು ನೆಟ್ಟಗೆ ನಿಲ್ಲಿಸುವ ಕಂಬವೂ ಅದೇ. ತೆಗೆದು ಮತ್ತೆ ಕೂಡಿಸಿದಾಗ ಗಾಲಿಯ ಓರೆ ಬದಲಾಗುವುದುಂಟು. ಅಳತೆ ನೋಡಿ ಸರಿಪಡಿಸದಿದ್ದರೆ ಹೊಸ ಟೈರು ಒಂದೇ ಬದಿಗೆ ಸವೆದುಹೋಗುತ್ತದೆ.

ಈ ಎರಡೂ ಜಾತಿಯನ್ನು ಒಂದೇ ಗಾಡಿಯಲ್ಲಿ ನೋಡಬೇಕೆಂದರೆ ಮಾರುತಿ ವ್ಯಾನು ನೋಡಿರಿ. 1984ರಲ್ಲಿ ಬಂದು, ಮುಂದೆ ಓಮ್ನಿ ಎಂಬ ಹೆಸರು ಪಡೆದು, 2019ರವರೆಗೆ ತಯಾರಾದ ಈ ಗಾಡಿ ಇಂದಿಗೂ ನಮ್ಮ ಹಳ್ಳಿಗಳಲ್ಲಿ ಹಾಲು, ತರಕಾರಿ, ಮದುವೆಯ ಬೀಗರು ಎಲ್ಲವನ್ನೂ ಹೊರುತ್ತಿದೆ. ಇದರ ಹಿಂದೆ ಪಾಟಾ ಮತ್ತು ಬೇರೆ ಶಾಕ್ ಅಬ್ಸಾರ್ಬರ್, ಮುಂದೆ ಸ್ಟ್ರಟ್. ಹಿಂದಿನದು ನಮ್ಮ ಕೆಲಸ, ಮುಂದಿನದು ಗ್ಯಾರೇಜಿನ ಕೆಲಸ. ಯಾವ ಗಾಡಿಯೇ ಇರಲಿ, ಬಗ್ಗಿ ನೋಡಿದಾಗ ಸುರುಳಿಯ ನಡುವೆ ಕೊಳವೆ ಕಂಡರೆ ಪಾನಾ ಕೆಳಗಿಡಬೇಕು.

ಇವೆರಡರ ನಡುವೆ ಮೂರನೆಯದೊಂದಿದೆ. ಕೆಲವು ಕಾರುಗಳ ಹಿಂದೆ ಸುರುಳಿ ಸ್ಪ್ರಿಂಗು ಒಂದು ಕಡೆ, ಶಾಕ್ ಅಬ್ಸಾರ್ಬರ್ ಇನ್ನೊಂದು ಕಡೆ ಇರುತ್ತದೆ. ಇಲ್ಲಿ ಅಚ್ಚು ಕೆಳಗೆ ಜೋತು ಬೀಳದಂತೆ ಹಿಡಿದಿರುವುದು ಎಷ್ಟೋ ಸಲ ಶಾಕ್ ಅಬ್ಸಾರ್ಬರೇ. ಎತ್ತಿ ನಿಲ್ಲಿಸಿದ ಗಾಡಿಯಲ್ಲಿ ಅದರ ಬೋಲ್ಟ್ ಎಳೆದರೆ ಅಚ್ಚು ದಪ್ಪನೆ ಇಳಿದು, ಬ್ರೇಕಿನ ರಬ್ಬರ್ ಕೊಳವೆ ಹರಿದು, ಸ್ಪ್ರಿಂಗು ಕಳಚಿ ಬೀಳಬಹುದು. ಕೈ ಪಳಗುವವರೆಗೆ ಇದನ್ನೂ ಮೇಸ್ತ್ರಿಗೆ ಬಿಡುವುದು ಲೇಸು.

ಜಾಕು ಎತ್ತುತ್ತದೆ, ಕಾಯುವುದಿಲ್ಲ

ಶಾಕ್ ಅಬ್ಸಾರ್ಬರಿಗಿಂತ ಹೆಚ್ಚು ಅಪಾಯ ಇರುವುದು ಗಾಡಿಯ ಕೆಳಗೆ ಮಲಗುವುದರಲ್ಲಿ. ಆದ್ದರಿಂದ ಮೊದಲ ಸಲಹೆ ಇದು: ಎತ್ತದೇ ಆಗುವುದಿದ್ದರೆ ಎತ್ತಲೇಬೇಡಿ. ಜೀಪು ಮತ್ತು ಎತ್ತರದ ಸರಕು ಗಾಡಿಗಳಲ್ಲಿ ನಾಲ್ಕೂ ಗಾಲಿ ನೆಲದ ಮೇಲಿದ್ದಾಗಲೇ ಕೈ ಒಳಗೆ ಹೋಗುತ್ತದೆ. ಪಾಟಾದ ಗಾಡಿಗೆ ಇದೇ ಎಲ್ಲಕ್ಕಿಂತ ಕ್ಷೇಮ.

ಎತ್ತಲೇಬೇಕಾದರೆ ಕೆಳಗಿನ ಕ್ರಮ ಬಿಡಬಾರದು. ಮಾಲನ್ನೆಲ್ಲ ಇಳಿಸಿರಿ. ಗಟ್ಟಿಯಾದ, ಸಮತಟ್ಟಾದ ನೆಲ ಆರಿಸಿರಿ. ಎರೆನೆಲ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ, ಜಾಕು ನಿಧಾನವಾಗಿ ಹೂತು ಓರೆಯಾಗುತ್ತದೆ. ಬಂಡೆಗಲ್ಲು ಹಾಸಿದ ಅಂಗಳ, ಸಿಮೆಂಟು ಕಣ ಒಳ್ಳೆಯದು. ಇಲ್ಲದಿದ್ದರೆ ಜಾಕಿನ ಕೆಳಗೆ ದಪ್ಪ, ಅಗಲವಾದ ಹಲಗೆ ಹಾಕಿರಿ.

ಹಿಂದೆ ಎತ್ತುವುದಾದರೆ ಮುಂದಿನ ಗಾಲಿಗಳಿಗೆ ಎರಡೂ ಬದಿಯಿಂದ ಒಡ್ಡು ಕೊಡಿರಿ. ಕೈಬ್ರೇಕು ಎಳೆದಿದೆ, ಗೇರು ಹಾಕಿದೆ ಎಂಬ ಭರವಸೆ ಸಾಲದು. ಬಹಳಷ್ಟು ಗಾಡಿಗಳ ಕೈಬ್ರೇಕು ಹಿಡಿಯುವುದು ಹಿಂದಿನ ಗಾಲಿಗಳನ್ನು. ಆ ಗಾಲಿಗಳೇ ನೆಲ ಬಿಟ್ಟ ಮೇಲೆ ಅದು ಏನನ್ನು ಹಿಡಿದೀತು? ಹಳೆಯ ಜೀಪಿನಲ್ಲಿ ಇನ್ನೊಂದು ಮೋಸವಿದೆ. ಅದರ ಕೈಬ್ರೇಕು ಗಾಲಿಯಲ್ಲಿಲ್ಲ, ಗೇರ್‌ಪೆಟ್ಟಿಗೆಯ ಹಿಂದಿನ ಶಾಫ್ಟಿನ ಮೇಲಿದೆ. ಹಿಂದಿನ ಒಂದೇ ಗಾಲಿ ಎತ್ತಿದರೂ ಡಿಫರೆನ್ಷಿಯಲ್ಲಿನ ಹಲ್ಲುಗಳು ಎತ್ತಿದ ಗಾಲಿಯನ್ನು ತಿರುಗಗೊಟ್ಟು, ನೆಲದ ಮೇಲಿನ ಗಾಲಿಯನ್ನೂ ಉರುಳಗೊಡುತ್ತವೆ. ಬ್ರೇಕೂ ಹಿಡಿಯುವುದಿಲ್ಲ, ಗೇರೂ ಹಿಡಿಯುವುದಿಲ್ಲ. ಗಾಲಿಗೆ ಕೊಟ್ಟ ಒಡ್ಡೊಂದೇ ಕಾಯುವುದು.

ಎತ್ತಿದ ಕೂಡಲೇ ಭಾರವನ್ನು ಎರಡು ಉಕ್ಕಿನ ಸ್ಟ್ಯಾಂಡುಗಳ ಮೇಲೆ ಇಳಿಸಿರಿ. ಪಾಟಾದ ಗಾಡಿಗೆ ಸ್ಟ್ಯಾಂಡನ್ನು ಅಚ್ಚಿನ ಕೆಳಗೇ ಇಡಬೇಕು, ಆಗ ಪಾಟಾ ಎಂದಿನ ಮಟ್ಟದಲ್ಲಿಯೇ ಉಳಿದು ಬೋಲ್ಟು ಸಲೀಸಾಗಿ ಬರುತ್ತದೆ. ಸ್ಟ್ಯಾಂಡು ಸಿಗದಿದ್ದರೆ ದಪ್ಪ, ಚೌಕನೆಯ ಗಟ್ಟಿ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿ ಅಗಲವಾದ ಅಟ್ಟಣೆ ಕಟ್ಟಿರಿ. ಇಟ್ಟಂಗಿ, ಸಿಮೆಂಟಿನ ಪೊಳ್ಳು ಇಟ್ಟಂಗಿ, ಒಂಟಿ ಕಲ್ಲು ಎಂದೂ ಬೇಡ. ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. ಕೊನೆಗೆ ಗಾಡಿಯನ್ನು ಬದಿಯಿಂದ ಜೋರಾಗಿ ನೂಕಿ ನೋಡಿರಿ. ಅಲುಗಿದರೆ ಇಳಿಸಿ ಮತ್ತೆ ನಿಲ್ಲಿಸಿರಿ. ಕೆಳಗೆ ಹೋಗುವ ಮೊದಲು ಅಲುಗಾಡಿಸಿ ನೋಡದವನು, ಕೆಳಗೆ ಹೋದ ಮೇಲೆ ಪಾನಾ ಜಗ್ಗುವಾಗ ಅದನ್ನೇ ಮಾಡುತ್ತಾನೆ.

ಒಬ್ಬರೇ ಇದ್ದಾಗ ಈ ಕೆಲಸ ಬೇಡ. ಮಕ್ಕಳು, ದನಕರು ಹತ್ತಿರ ಸುಳಿಯದಂತೆ ನೋಡಿಕೊಳ್ಳಲಿಕ್ಕಾದರೂ ಒಬ್ಬರು ನಿಂತಿರಲಿ. ಗಾಡಿಯ ಕೀಲಿಕೈ ನಿಮ್ಮ ಕಿಸೆಯಲ್ಲಿರಲಿ.

ಬಿಚ್ಚುವ ಕ್ರಮ

ಹಿಂದಿನ ಸಂಜೆಯೇ ನಟ್ಟುಗಳ ಮೇಲಿನ ಮಣ್ಣನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಜಂಗು ಬಿಡಿಸುವ ಎಣ್ಣೆ ಹಾಕಿರಿ. ರಾತ್ರಿಯೆಲ್ಲ ನೆನೆದ ನಟ್ಟು ಬೆಳಿಗ್ಗೆ ಅರ್ಧ ಶ್ರಮಕ್ಕೆ ಬರುತ್ತದೆ. ಎಣ್ಣೆ ರಬ್ಬರ್ ಬುಷ್ಷಿಗೆ ತಾಗದಿರಲಿ. ಕೆಳಗೆ ಮಲಗಿದಾಗ ಜಂಗಿನ ಪುಡಿ ಕಣ್ಣಿಗೆ ಬೀಳುತ್ತದೆ, ಕನ್ನಡಕ ಹಾಕಿಕೊಳ್ಳಿ.

ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿಗೆ ಕೈಹಾಕಿರಿ. ಎರಡನ್ನೂ ಒಮ್ಮೆಲೇ ಬಿಚ್ಚಿದರೆ ವಾಷರು, ಬುಷ್ ಯಾವುದರ ಮೇಲೆ ಯಾವುದೆಂದು ಮರೆತುಹೋಗುತ್ತದೆ. ಒಂದು ಬದಿ ಹಾಗೆಯೇ ಇದ್ದರೆ ಅದೇ ಮಾದರಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಬಿಚ್ಚಿದ ಸಾಮಾನುಗಳನ್ನು ಬಂದ ಕ್ರಮದಲ್ಲಿಯೇ ಗೋಣಿತಟ್ಟಿನ ಮೇಲೆ ಸಾಲಾಗಿ ಇಡಿರಿ.

ಬಿಗಿಯಾದ ನಟ್ಟುಗಳನ್ನು ಗಾಡಿ ಎತ್ತುವ ಮೊದಲೇ ಒಂದು ಸುತ್ತು ಸಡಿಲಿಸಿರಿ. ಎತ್ತಿ ನಿಲ್ಲಿಸಿದ ಗಾಡಿಯ ಕೆಳಗೆ ಬಲ ಹಾಕಿ ಜಗ್ಗುವಂತಿಲ್ಲ. ತೆರೆದ ಬಾಯಿಯ ಪಾನಾಕ್ಕಿಂತ ರಿಂಗ್ ಪಾನಾ ಅಥವಾ ಬಾಕ್ಸ್ ಪಾನಾ ಬಳಸಿರಿ, ನಟ್ಟಿನ ಮೂಲೆ ಉರುಟಾಗುವುದಿಲ್ಲ. ಕೆಳಗಿನಿಂದ ನೋಡುವಾಗ ಎಡ ಬಲ ತಿರುವುಮುರುವಾಗಿ ಕಾಣುತ್ತದೆ. ನಟ್ಟಿನ ಮುಖಕ್ಕೆ ಎದುರಾಗಿ ನಿಂತಂತೆ ಕಲ್ಪಿಸಿಕೊಂಡು ಎಡಕ್ಕೆ ತಿರುವಿದರೆ ಸಡಿಲಾಗುತ್ತದೆ. ಹಳೆಯ ಜೀಪುಗಳಲ್ಲಿ ನಟ್ಟಿನ ಬದಲು ವಾಷರು ಮತ್ತು ಸೀಳು ಪಿನ್ನು ಇರುವುದುಂಟು. ಅಲ್ಲಿ ಪಿನ್ನಿನ ಕಾಲು ನೆಟ್ಟಗೆ ಮಾಡಿ ಎಳೆದರೆ ಸಾಕು. ತಿರುಗಿ ಕೂಡಿಸುವಾಗ ಹೊಸ ಪಿನ್ನೇ ಹಾಕಬೇಕು.

ಕೆಲವು ಗಾಡಿಗಳಲ್ಲಿ ಮೇಲಿನ ತುದಿ ಕಣ್ಣಿನಂತಿರದೆ ಕಡ್ಡಿಯಂತೆ ನೆಟ್ಟಗೆ ನಿಂತು ನಟ್ಟು ಕಟ್ಟಿರುತ್ತದೆ. ನಟ್ಟು ತಿರುವಿದರೆ ಕಡ್ಡಿಯೂ ಕೂಡಿ ತಿರುಗುತ್ತದೆ. ತುದಿಯಲ್ಲಿ ಚಪ್ಪಟೆ ಮಾಡಿದ ಜಾಗವನ್ನು ಸಣ್ಣ ಪಾನಾದಿಂದ ಹಿಡಿದು ನಟ್ಟು ತಿರುವಬೇಕು. ಹೊಳೆಯುವ ಕಡ್ಡಿಯನ್ನು ಇಕ್ಕಳದಿಂದ ಹಿಡಿದರೆ ಗೀರು ಬಿದ್ದು, ಆ ಗೀರು ಸೀಲನ್ನು ಹರಿಯುತ್ತದೆ. ಬದಲಾಯಿಸುವ ವಸ್ತುವೇ ಆಗಿದ್ದರೆ ಚಿಂತೆಯಿಲ್ಲ.

ನಟ್ಟು ಎಷ್ಟಕ್ಕೂ ಬಾರದಿದ್ದರೆ ಗ್ಯಾಸಿನ ಉರಿ ಹಿಡಿಯುವ ಯೋಚನೆ ಬೇಡ. ಕೊಳವೆಯೊಳಗೆ ಎಣ್ಣೆಯಿದೆ, ಹಲವು ಬಗೆಗಳಲ್ಲಿ ಒತ್ತಡದ ಗಾಳಿಯೂ ಇದೆ. ಕಾಯಿಸಿದರೆ ಒಡೆಯಬಹುದು, ಹತ್ತಿರದ ರಬ್ಬರ್ ಮತ್ತು ಇಂಧನದ ಟಾಕಿಗೆ ಬೆಂಕಿ ತಗಲಬಹುದು. ಮತ್ತೆ ಎಣ್ಣೆ ಹಾಕಿ ಒಂದು ರಾತ್ರಿ ಕಾಯಿರಿ, ಇಲ್ಲವೆ ಮೇಸ್ತ್ರಿಯಿಂದ ನಟ್ಟು ಸೀಳಿಸಿರಿ.

ಮೇಲಿನ, ಕೆಳಗಿನ ನಟ್ಟುಗಳು ಬಂದ ಮೇಲೆ ತುದಿಯನ್ನು ಕಟ್ಟಿಗೆಯ ಕೊಡತಿಯಿಂದ ಮೆಲ್ಲಗೆ ತಟ್ಟಿ ಜಾರಿಸಿರಿ. ಗಾಳಿ ತುಂಬಿದ ಬಗೆಯಾದರೆ ಒಂದು ತುದಿ ಬಿಟ್ಟ ಕೂಡಲೇ ಕಡ್ಡಿ ತಾನಾಗಿ ಹೊರಗೆ ಚಾಚುತ್ತದೆ, ಬೆರಳು ನಡುವೆ ಸಿಗದಂತೆ ನೋಡಿಕೊಳ್ಳಿ.

ಬಿಚ್ಚಿದ್ದನ್ನು ನೋಡುವುದು, ಹೊಸದನ್ನು ಕೂಡಿಸುವುದು

ಬಿಚ್ಚಿದ್ದನ್ನು ನೆಟ್ಟಗೆ ನಿಲ್ಲಿಸಿ, ಕೆಳತುದಿಯನ್ನು ಕಾಲಿನಿಂದ ಒತ್ತಿ ಹಿಡಿದು, ಕಡ್ಡಿಯನ್ನು ಪೂರ್ತಿ ಎಳೆದು ಪೂರ್ತಿ ಒತ್ತಿರಿ. ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಬಿಗಿ ಹತ್ತಬೇಕು. ನಡುವೆ ಸಡಿಲು ಸಿಕ್ಕರೆ, ಅಥವಾ ಸೈಕಲ್ ಪಂಪಿನಂತೆ ಸುಮ್ಮನೆ ಆಡಿದರೆ ಅದರ ಕೆಲಸ ಮುಗಿದಿದೆ. ಎಳೆಯುವಾಗ ಹೆಚ್ಚು ಬಿಗಿ, ಒತ್ತುವಾಗ ಕಡಿಮೆ ಬಿಗಿ ಇರುವುದು ಸಹಜ.

ಹೊಸದನ್ನು ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿರಿ. ಚಾಚಿದಾಗಿನ ಉದ್ದ, ಮಡಚಿದಾಗಿನ ಉದ್ದ, ತುದಿಯ ಕಣ್ಣಿನ ಅಳತೆ ಮೂರೂ ಕೂಡಬೇಕು. ಪಾವತಿ ತಪ್ಪದೆ ಕೇಳಿ ಪಡೆಯಿರಿ. ಒಂದು ಬದಿಯದು ಹೋಗಿದ್ದರೂ ಅದೇ ಅಚ್ಚಿನ ಎರಡನ್ನೂ ಕೂಡಿಯೇ ಬದಲಾಯಿಸಬೇಕು. ಒಂದು ಎಳೆಯ ಹೋರಿ, ಒಂದು ಮುದಿ ಎತ್ತು ಹೂಡಿದ ಚಕ್ಕಡಿ ಎತ್ತ ಹೋದೀತೆಂಬುದನ್ನು ರೈತರಿಗೆ ಹೇಳಬೇಕಾಗಿಲ್ಲ.

ಅಂಗಡಿಯಲ್ಲಿ ಅಡ್ಡ ಮಲಗಿಸಿಟ್ಟಿದ್ದ ಹೊಸದರಲ್ಲಿ ಎಣ್ಣೆಯ ನಡುವೆ ಗಾಳಿ ಸೇರಿರುತ್ತದೆ. ಗಾಡಿಗೆ ನಿಲ್ಲುವ ರೀತಿಯಲ್ಲಿಯೇ ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿದರೆ ಗಾಳಿ ಮೇಲಕ್ಕೆ ಹೋಗಿ ಬಿಗಿ ಬರುತ್ತದೆ. ರಬ್ಬರ್ ಬುಷ್ಷಿಗೆ ಗ್ರೀಸು, ಎಂಜಿನ್ ಎಣ್ಣೆ ಸವರಬೇಡಿ, ರಬ್ಬರ್ ಉಬ್ಬಿ ಕೆಡುತ್ತದೆ. ಸಾಬೂನು ನೀರು ಸಾಕು.

ಕೂಡಿಸುವಾಗ ಬಹಳ ಜನ ತಪ್ಪುವುದು ಒಂದೇ ಕಡೆ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಮೊದಲು ಸಾಧಾರಣ ಬಿಗಿ ಮಾಡಿ, ಗಾಡಿಯ ಭಾರ ಗಾಲಿಯ ಮೇಲೆ ಬಂದ ನಂತರವೇ ಪೂರ್ತಿ ಬಿಗಿ ಮಾಡಬೇಕು. ಗಾಲಿ ಜೋತು ಬಿದ್ದಾಗಲೇ ಬಿಗಿದರೆ, ಇಳಿಸಿದ ಮೇಲೆ ರಬ್ಬರ್ ಸದಾ ಹಿಂಡಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬಿಚ್ಚಿದ ಗಾಲಿಯ ನಟ್ಟುಗಳನ್ನು ಎದುರು ಬದುರಾಗಿ ಬಿಗಿಯಿರಿ. ಐವತ್ತು ಅರವತ್ತು ಕಿಲೋಮೀಟರು ಓಡಿದ ಮೇಲೆ ಎಲ್ಲ ನಟ್ಟುಗಳಿಗೂ ಮತ್ತೊಮ್ಮೆ ಪಾನಾ ಹಾಕಿ ನೋಡಿರಿ.

ಹಳೆಯದನ್ನು ಒಲೆಗೆ, ಕಸದ ಬೆಂಕಿಗೆ ಒಗೆಯಬಾರದು, ಗರಗಸದಿಂದ ಕೊಯ್ಯಬಾರದು. ಸೋರಿದ ಎಣ್ಣೆಯನ್ನು ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿನ ಹಳೆಯ ಎಣ್ಣೆಯೊಡನೆ ಕೊಡಿರಿ. ಬಾವಿ, ಬೋರಿನ ಹತ್ತಿರ ಚೆಲ್ಲಿದರೆ ಅದೇ ನೀರು ನಾಳೆ ನಮ್ಮ ಕೊಡಕ್ಕೆ ಬರುತ್ತದೆ.

ಕೊನೆಯ ಮಾತು

ಎಷ್ಟು ಎಚ್ಚರಿದ್ದರೂ ಗಾಡಿ ಜಾರಿ ಯಾರಾದರೂ ಕೆಳಗೆ ಸಿಕ್ಕರೆ ಕೈಕಾಲು ಹಿಡಿದು ಎಳೆಯಲು ಹೋಗಬೇಡಿ. ಒಬ್ಬರು 108ಕ್ಕೆ ಫೋನು ಮಾಡಲಿ. ಉಳಿದವರು ಗಟ್ಟಿ ಜಾಗದಲ್ಲಿ ಜಾಕು ಇಟ್ಟು ಎತ್ತುತ್ತ, ಎತ್ತಿದಷ್ಟೂ ಮರದ ತುಂಡು ಕೊಡುತ್ತ ಹೋಗಿ, ಭಾರ ಬಿಟ್ಟ ಮೇಲೆ ಬೆನ್ನು ಕುತ್ತಿಗೆ ಅಲುಗದಂತೆ ಹೊರಗೆ ತೆಗೆಯಬೇಕು.

ಶಾಕ್ ಅಬ್ಸಾರ್ಬರನ್ನು ಉಳಿಸುವ ಉಪಾಯ ಅದನ್ನು ಬಿಚ್ಚುವುದಕ್ಕಿಂತ ಸುಲಭ. ಗಾಡಿಗೆ ಹೇಳಿದಷ್ಟೇ ಭಾರ ಹೇರಿರಿ, ಟೈರಿನ ಗಾಳಿ ಸರಿಯಿಡಿರಿ, ಗುಂಡಿ ಕಂಡಲ್ಲಿ ವೇಗ ಇಳಿಸಿ ಮೆಲ್ಲಗೆ ಇಳಿದು ಏರಿರಿ. ಗುಂಡಿಯೊಳಗೆ ಇಳಿಯುವ ಹೊತ್ತಿಗೂ ಬ್ರೇಕು ಒತ್ತಿ ಹಿಡಿದರೆ ಪೆಟ್ಟು ಹೆಚ್ಚು, ಮೊದಲೇ ವೇಗ ತಗ್ಗಿಸಿ ಬ್ರೇಕು ಬಿಡಬೇಕು. ಸುಗ್ಗಿ ಶುರುವಾಗುವ ಮುನ್ನ ಒಂದು ಅಮವಾಸ್ಯೆಯ ಬಿಡುವಿನ ದಿನ ಗಾಡಿಯ ನಾಲ್ಕೂ ಮೂಲೆ ಬಗ್ಗಿ ನೋಡಿದರೆ ನಡುದಾರಿಯಲ್ಲಿ ನಿಲ್ಲುವ ಪ್ರಸಂಗ ಬರಲಾರದು.

ಪಾಟಾದ ಪಕ್ಕದ್ದು ನೀವೇ ಬಿಚ್ಚಿರಿ, ಸುರುಳಿಯ ಒಳಗಿನದು ಮೇಸ್ತ್ರಿಗೆ ಬಿಡಿರಿ. ಜಾಕಿನ ಭರವಸೆಯ ಮೇಲೆ ಗಾಡಿಯ ಕೆಳಗೆ ತಲೆ ಹಾಕಬೇಡಿ. ಒಂದು ದಿನ ತಡವಾದರೆ ಗೋವಿನಜೋಳ ಕಣದಲ್ಲಿ ಕಾಯುತ್ತದೆ. ಮನೆಯವರು ಕಾಯುವುದು ನಿಮ್ಮನ್ನು.